ಕೈಲಿನ್ ಹೆಸರಿನ ದೋಣಿ

ಕಡಲತೀರದ ಊರು ಪುಂತಾರೇನಾಸ್‌ನ ಕೋರ್ಟಿನ ವರಾಂಡದಲ್ಲಿ ಮಾರಿಸೆಲ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ನೀರು ಕುಡಿದಳು, ಬಂದು ಕೂತಳು, ಮತ್ತೆ ಎದ್ದಳು. ಅವಳು ಎಲಾಡಿಯೋನ ಎರಡನೇ ಹೆಂಡತಿ, ನಾಲ್ಕು ತಿಂಗಳ ಬಸುರಿ. ಎದುರಿನ ಬೆಂಚಿನಲ್ಲಿ ಮೊದಲನೆಯವಳು ಫ್ಲೋರಿ, ಅವನ ಮಗಳು ಕೈಲಿನ್‌ಳ ತಾಯಿ.

ಮಗಳ ಜೀವನಾಂಶ ಹೆಚ್ಚಿಸಬೇಕೆಂದು ಫ್ಲೋರಿ ಅರ್ಜಿ ಹಾಕಿದ್ದೇ ತಡ, ಎಲಾಡಿಯೋ ತನ್ನ ಮೀನಿನ ದೋಣಿಯನ್ನು ಮಾರಿಸೆಲ್ ಹೆಸರಿಗೆ ಬರೆದುಬಿಟ್ಟಿದ್ದ. ಆ ದಿನ ಮಾರಿಸೆಲ್‌ಗೂ ಹಿಗ್ಗಾಗಿತ್ತು, ಸುಳ್ಳೇಕೆ ಹೇಳಬೇಕು.

"ದೋಣಿ ನಂದು, ಇವನು ಕೂಲಿಯವನು ಅನ್ನು. ಅಷ್ಟೇ ಸಾಕು ಮಾರಾಯ್ತಿ," ಎಂದು ಎಲಾಡಿಯೋ ಪಿಸುಗುಟ್ಟಿದ.

"ನನ್ನ ಊಟದಂಗಡಿ ದುಡ್ಡಿಗೂ ಕೈ ಹಾಕ್ತಾರೇನೋ?"

"ಹೊಸ ಹೆಂಡ್ತಿ ಸಂಪಾದನೆ ಲೆಕ್ಕಕ್ಕಿಲ್ಲ. ಅದಕ್ಕೇ ಅಲ್ವಾ ನಿನ್ನ ಹೆಸರಿಗೆ ಬರೆದಿದ್ದು?"

ಫ್ಲೋರಿಗೆ ಕೇಳಿಸಿತು. "ಈ ಬೆಂಚು ಕಾದಿಟ್ಟಿರ್ತೀನಿ ತಂಗಿ. ಮೂರನೆಯವಳು ಬಂದಾಗ ನಿಂಗೆ ಬೇಕಾಗುತ್ತೆ."

ಮಾರಿಸೆಲ್‌ಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಒಳಗಿಂದ ಕರೆ ಬಂತು.

"ನಿಮ್ಮ ಅಂಗಡಿ ಆದಾಯ ನಮಗೆ ಬೇಡ," ಎಂದರು ನ್ಯಾಯಾಧೀಶೆ. "ಮಗಳನ್ನ ಸಾಕೋ ಹೊಣೆ ಅಪ್ಪನದು, ನಿಮ್ಮದಲ್ಲ. ದೋಣಿ ಯಾರದು?"

"ಕಾಗದ ನನ್ನ ಹೆಸರಲ್ಲಿದೆ, ಮೇಡಂ."

"ದೋಣಿ ಮೇಲೆ ಯಾರ ಹೆಸರಿದೆ?"

ಎಲಾಡಿಯೋ ನೆಲ ನೋಡಿದ. ದೋಣಿಯ ಹೆಸರು ಅಳಿಸಿದರೆ ಕಡಲು ಮುನಿಯುತ್ತದೆಂದು ಇಲ್ಲಿನ ಬೆಸ್ತರ ನಂಬಿಕೆ. ಕಾಗದ ಬದಲಿಸಿದ ಗಂಡಸಿಗೆ ಬಣ್ಣದ ಡಬ್ಬಿ ಮುಟ್ಟುವ ಧೈರ್ಯ ಬಂದಿರಲಿಲ್ಲ. ಕೋರ್ಟಿನ ಭಯವಿಲ್ಲ, ನೀರಿನ ಭಯವುಂಟು.

ಮಾರಿಸೆಲ್ ಹೊಟ್ಟೆಯ ಮೇಲೆ ಕೈಯಿಟ್ಟಳು. ಇಂದು ತಾನು ಗಂಡನ ಸುಳ್ಳಿಗೆ ಹೂಂ ಅಂದರೆ ನಾಳೆ ಈ ಕೂಸಿಗೂ ಇವನು ಕೂಲಿಯವನೇ. ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಕೈಲಿನ್ ಅಂತಿದೆ. ಮಗಳು ಹುಟ್ಟಿದಾಗ ನಮ್ಮ ಯಜಮಾನರೇ ಬರೆದದ್ದು. ದೋಣಿ ಅವರದೇ ಮೇಡಂ, ಮೀನಿನ ದುಡ್ಡೂ ಅವರ ಕೈಗೇ ಬರೋದು."

ಹೊರಗೆ ಬಂದಾಗ ಎಲಾಡಿಯೋನ ಮುಖ ಕಪ್ಪಿಟ್ಟಿತ್ತು. "ನಮ್ಮ ಮನೇನೇ ಮುಳುಗಿಸಿಬಿಟ್ಟೆಯಲ್ಲೇ."

ಫ್ಲೋರಿ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. "ಕೂತ್ಕೋ ತಂಗಿ. ಬಸುರಿ ಹೆಂಗಸು, ಎಷ್ಟೊತ್ತು ನಿಂತಿರ್ತೀಯ."

ಮಾರಿಸೆಲ್ ಕೂತಳು.

"ಕೂಸು ಹುಟ್ಟಿದ ದಿನ ಬಣ್ಣ ತಗೊಂಡು ಬಾ," ಎಂದಳು ಗಂಡನಿಗೆ. "ಅಳಿಸೋದೇನೂ ಬೇಡ. ಕೈಲಿನ್ ಪಕ್ಕದಲ್ಲಿ ಇದರ ಹೆಸರನ್ನೂ ಬರಿ."