ಮೇಲಿನ ಅಕ್ಕ, ಕೆಳಗಿನ ತಂಗಿ

"ಅಕ್ಕಂಗೆ ಬಾಯಿ ತೆಗಿ ಅಂದ್ರೆ ತಂಗಿ ತೆಗೀತಾಳೆ. ತಂಗಿಗೆ ಹೇಳಿದ್ರೆ ಅಕ್ಕ ತೆಗೀತಾಳೆ. ಒಂದ್ಸಲ ಬಂದು ನೋಡಪ್ಪ," ಎಂದು ದೊಡ್ಡವಳು ಫೋನಿನಲ್ಲಿ ಹೇಳಿದಳು. ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ರಿಪೇರಿಯವನು ಹಾಗೆಂದುಕೊಳ್ಳಲಿಲ್ಲ. ಆ ಅಂಗಡಿಯ ಕಂಪ್ಯೂಟರಿನ ಕಷ್ಟಸುಖವೆಲ್ಲ ಅವನಿಗೆ ಗೊತ್ತಿತ್ತು. "ಊಟ ಮುಗಿಸಿ ಬರ್ತೀನಿ ಅಕ್ಕಾ," ಎಂದ. "ಊಟ ಆಮೇಲೆ ಮಾಡು, ಈಗಲೇ ಬಾ," ಎಂದಳು ಅವಳು. ಯಾರ ಊಟಕ್ಕೂ ಅಡ್ಡ ಬರುವ ಜಾಯಮಾನ ಅವಳದಲ್ಲ. ಅವನು ತಟ್ಟೆ ಮುಚ್ಚಿಟ್ಟು ಹೊರಟ.

ಕನ್ನಡಕದ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದೇ ಕೋಣೆ ಅದು. ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿಕೊಡುವುದು, ಇರುವ ಡಿಸ್ಕಿಗೆ ಇನ್ನೊಂದು ಪ್ರತಿ ತೆಗೆದುಕೊಡುವುದು ಅಲ್ಲಿನ ಕೆಲಸ. ಗಿರಾಕಿ, ಮಾತುಕತೆ, ಕವರಿನ ಮೇಲೆ ದುಂಡಗೆ ಹೆಸರು ಬರೆಯುವುದು ದೊಡ್ಡವಳ ಪಾಲು. ಯಂತ್ರವೆಲ್ಲ ಚಿಕ್ಕವಳ ಪಾಲು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಮೂಗು ತೂರಿಸಿದವರಿಗೆ ಚಿಕ್ಕವಳು, "ದಿನಾ ಬೆಳಗಾದ್ರೆ ಊರವರ ಮದುವೇನೆ ನೋಡ್ತೀವಿ, ಸಾಲದಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವಳ ಬಾಯಿ ಅಷ್ಟು ಜೋರು. ಆ ಬಾಯಿಯೇ ಮೊದಲು ಹೋಯಿತು, ಆಮೇಲೆ ಅವಳು ಹೋದಳು.

ಸಿಪಿಯು ಪೆಟ್ಟಿಗೆಯಲ್ಲಿ ಡಿಸ್ಕ್ ಬರೆಯುವ ಡ್ರೈವುಗಳು ಎರಡು, ಒಂದರ ಮೇಲೊಂದು. ಎರಡೂ ಒಂದೇ ಕಂಪನಿಯವು, ಎರಡಕ್ಕೂ ಒಂದೇ ಕಪ್ಪು ಮುಖ. ದೊಡ್ಡವಳಿಗೆ ಸದಾ ಗೊಂದಲವಾಗುತ್ತಿತ್ತು. ಅದಕ್ಕೆ ಚಿಕ್ಕವಳು ಮೇಲಿನದಕ್ಕೆ "ಅಕ್ಕ" ಎಂದೂ ಕೆಳಗಿನದಕ್ಕೆ "ತಂಗಿ" ಎಂದೂ ಹೆಸರಿಟ್ಟು, ಪೆಟ್ಟಿಗೆಯ ಪಕ್ಕಕ್ಕೆ ಚೀಟಿ ಅಂಟಿಸಿ, ಕಂಪ್ಯೂಟರಿನೊಳಗೂ ಅದೇ ಹೆಸರು ಕೂಡಿಸಿದ್ದಳು. "ಮೂಲ ಡಿಸ್ಕು ಅಕ್ಕನ ಬಾಯಿಗೆ, ಖಾಲಿ ಡಿಸ್ಕು ತಂಗಿ ಬಾಯಿಗೆ. ಅಕ್ಕ ಹೇಳ್ತಾಳೆ, ತಂಗಿ ಬರ್ಕೋತಾಳೆ. ನಮ್ಮನೇಲಿ ಇದ್ದಹಾಗೇ, ಮರೀಬೇಡ." ದೊಡ್ಡವಳು ಮರೆಯಲಿಲ್ಲ. ಮರೆತಿದ್ದರೇ ಚೆನ್ನಾಗಿತ್ತು.

ರಿಪೇರಿಯವನು ಬಂದಾಗ ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಒಂದು ಡಿಸ್ಕು. ಅದರ ಅಂಚನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದಳು.

"ಯಾವುದಕ್ಕಾ ಅದು?"

"ಅವಳ ಮಾತು ಇರೋದು."

ಅವನಿಗೆ ಅರ್ಥವಾಯಿತು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದ ವಾರ ದೊಡ್ಡವಳು ಹಟ ಹಿಡಿದು ತಂಗಿಯನ್ನು ಮೈಕಿನ ಮುಂದೆ ಕೂರಿಸಿದ್ದಳು. ಏನಾದರೂ ಮಾತಾಡೇ ಎಂದರೆ ಚಿಕ್ಕವಳು ಭಾಷಣ ಬಿಗಿಯಲಿಲ್ಲ, ಅಳಲಿಲ್ಲ. ಕ್ಯಾಸೆಟ್ ತಂದುಕೊಟ್ಟು ವಾಪಸ್ ಒಯ್ಯಲು ಬಾರದ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಬೈದಳು. ಅಕ್ಕನ ಅಡಿಗೆಯಲ್ಲಿ ಉಪ್ಪು ಜಾಸ್ತಿ ಎಂದಳು. ಮಧ್ಯೆ ಕೆಮ್ಮಿದಳು, ನೀರು ಕುಡಿದಳು, ಯಾಕೋ ನಕ್ಕಳು. ಅದನ್ನು ಅಳಿಸಿ ಬರೆಯುವಂಥ ಡಿಸ್ಕಿಗೆ ಹಾಕಿ, "ಇದು ಕಚ್ಚಾ. ಆಮೇಲೆ ನೆಟ್ಟಗೆ ಇನ್ನೊಂದು ಮಾಡೋಣ," ಎಂದು ಕಂಪ್ಯೂಟರಿನಲ್ಲಿದ್ದುದನ್ನು ತೆಗೆದುಹಾಕಿದಳು. ಜಾಗ ಬೇಕಿತ್ತಂತೆ, ಯಾರದೋ ಮದುವೆಗೆ. ಆ "ಆಮೇಲೆ" ಬರಲೇ ಇಲ್ಲ.

ಅವಳು ತೀರಿಕೊಂಡ ಮೇಲೆ ದೊಡ್ಡವಳು ಅಂಗಡಿಯ ಬಾಗಿಲು ತೆಗೆದರೂ ಯಂತ್ರ ಮುಟ್ಟಲಿಲ್ಲ. ಬಂದವರಿಗೆ ಇದ್ದ ಕ್ಯಾಸೆಟ್ ಹಿಂದಿರುಗಿಸಿ ಕಳಿಸುತ್ತಿದ್ದಳು. ಸಂಜೆ ಮನೆಗೆ ಹೋಗಿ, ಹಳೆಯ ಪ್ಲೇಯರಿನಲ್ಲಿ ಆ ಡಿಸ್ಕು ಹಾಕಿ, ತನ್ನ ಅಡಿಗೆಯನ್ನು ಬೈಯಿಸಿಕೊಳ್ಳುತ್ತಲೇ ಊಟ ಮಾಡುತ್ತಿದ್ದಳು. ಈಚೆಗೆ ಪ್ಲೇಯರು ತೊದಲತೊಡಗಿ, ನಿನ್ನೆ ನಿಂತೇಹೋಯಿತು. ಡಿಸ್ಕಿಗೂ ಏನಾದರೂ ಆಗುವ ಮೊದಲು ಇನ್ನೊಂದು ಪ್ರತಿ ತೆಗೆದುಬಿಡಬೇಕು ಎಂದುಕೊಂಡಳು. ಬೆಳಿಗ್ಗೆ ಅಂಗಡಿಗೆ ಬಂದವಳೇ ಧೂಳು ಒರೆಸಿ ಕಂಪ್ಯೂಟರ್ ಹಚ್ಚಿದಳು. ಮೂಲ ಡಿಸ್ಕು ಮೇಲಿನ ಬಾಯಿಗೆ, ಖಾಲಿ ಡಿಸ್ಕು ಕೆಳಗಿನ ಬಾಯಿಗೆ. ಕಲಿಸಿದ ಪಾಠ ಚಾಚೂ ತಪ್ಪಲಿಲ್ಲ.

"ಆಮೇಲೆ ಏನಾಯ್ತು ಹೇಳಿ," ಎಂದ ರಿಪೇರಿಯವನು.

"ತಂಗೀನ ಅಳಿಸ್ಲಾ ಅಂತ ಕೇಳ್ತು."

"ನೀವೇನಂದ್ರಿ?"

"ಹೂಂ ಅಂದೆ."

ಅವನು ತಲೆಯೆತ್ತಿ ನೋಡಿದ. ಅವಳು ಅವಸರವಾಗಿ ಹೇಳತೊಡಗಿದಳು. "ಯಾವಾಗಲೂ ಕೇಳತ್ತಪ್ಪ ಅದು. ನಾವು ಹಳೇ ಡಿಸ್ಕೇ ತಿರುಗಾ ಮುರುಗಾ ಹಾಕ್ತಿದ್ವಲ್ಲ, ತಂಗೀಲಿರೋ ಡಿಸ್ಕ್ ಅಳಿಸ್ಲಾ ಅನ್ನತ್ತೆ, ಹೂಂ ಅನ್ನಬೇಕು. ಅವಳೇ ಹೇಳ್ಕೊಟ್ಟಿದ್ದು. ಹೂಂ ಅಂದು ಟೀ ಕುಡೀತಾ ಕೂತೆ. ಪರದೆ ಮೇಲೆ ಅಳಿಸೋ ಪಟ್ಟಿ ಹಂಗೇ ತುಂಬ್ತಾ ಬಂತು. ಆಮೇಲೆ ನೋಡಿದ್ರೆ, ಅಕ್ಕನಲ್ಲಿ ಏನೂ ಇಲ್ಲ ಅಂತು. ಇದೇನಪ್ಪ ಅಂತ ಅಕ್ಕಂಗೆ ಬಾಯಿ ತೆಗಿ ಅಂದ್ರೆ ಕೆಳಗಿನದು ತೆಗೀತು! ನೋಡು, ಅದಕ್ಕೆ ಬುದ್ಧಿ ಕೆಟ್ಟಿದೆ. ಅಕ್ಕ ಯಾರು ತಂಗಿ ಯಾರು ಗೊತ್ತಾಗ್ತಿಲ್ಲ ಅದಕ್ಕೆ. ಅಂಥದ್ದು ಇದನ್ನ ಖಾಲಿ ಅಂದ್ರೆ ನಂಬಕ್ಕಾಗತ್ತಾ?"

ಅವಳು ಹಿಡಿದುಕೊಂಡಿದ್ದ ಆಸರೆ ಅದೊಂದೇ. ಯಂತ್ರ ಕೆಟ್ಟಿದ್ದರೆ ಅದು ಹೇಳುವುದೆಲ್ಲ ಸುಳ್ಳು. ಯಂತ್ರ ಸುಳ್ಳು ಹೇಳುತ್ತಿದ್ದರೆ ಡಿಸ್ಕಿನಲ್ಲಿ ತಂಗಿ ಇದ್ದಾಳೆ. ರಿಪೇರಿಯವನ ಚೀಲದಲ್ಲಿ ಅವನದೇ ಲ್ಯಾಪ್‌ಟಾಪ್ ಇತ್ತು. "ಇದ್ರಲ್ಲಿ ಹಾಕಿ ನೋಡಿಬಿಡ್ಲಾ?" ಎಂದು ಕೈಚಾಚಿದ. ಅವಳು ಡಿಸ್ಕನ್ನು ಎದೆಗೆ ಒತ್ತಿಕೊಂಡಳು. "ಮೊದಲು ಅದನ್ನ ಸರಿಮಾಡು. ಆಮೇಲೆ."

ಅವನಿಗೆ ಒತ್ತಾಯಿಸುವ ಧೈರ್ಯವಾಗಲಿಲ್ಲ. ಕೂತು ಕೆಲಸ ಶುರುಮಾಡಿದ. "ಅಕ್ಕ" ಎಂದಲ್ಲಿ ಒತ್ತಿದರೆ ನಿಜಕ್ಕೂ ಕೆಳಗಿನ ಬಾಗಿಲು ತೆರೆಯಿತು. "ತಂಗಿ" ಎಂದಲ್ಲಿ ಒತ್ತಿದರೆ ಮೇಲಿನದು. ಕಂಪ್ಯೂಟರಿನ ಪಟ್ಟಿಯಿಂದ ಎರಡೂ ಡ್ರೈವುಗಳನ್ನು ಕಿತ್ತುಹಾಕಿ, ಆರಿಸಿ, ಮತ್ತೆ ಹಚ್ಚಿದ. ಅದು ಎರಡನ್ನೂ ಹೊಸದಾಗಿ ಹುಡುಕಿಕೊಳ್ಳಲಿ ಎಂದು ಅವನ ಲೆಕ್ಕಾಚಾರ. ಯಂತ್ರ ಮುದಿಯಾಗಿತ್ತು, ಏಳಲು ಅದಕ್ಕೆ ಹೊತ್ತು ಬೇಕು. ಕಾಯುತ್ತ ರಿಪೇರಿಯವನು ಮಾತು ತೆಗೆದ.

"ನಾನು ಆಗ ಊರಲ್ಲಿರ್ಲಿಲ್ಲ ಅಕ್ಕಾ. ಕೊನೇಗೆ ಅವರು ಕೈಸನ್ನೇಲಿ ಏನೋ ಹೇಳಿದ್ರಂತೆ, ನಿಮ್ಮ ಸೋದರತ್ತೆ ಹೇಳ್ತಿದ್ರು."

ಕೊನೆಯ ದಿನಗಳಲ್ಲಿ ಜೊತೆಗಿದ್ದ ಸೋದರತ್ತೆ ಅದನ್ನು ಯಾರಿಗೆ ಹೇಳಿಲ್ಲ! ಹೇಳಿ ಹೇಳಿ ಬೀದಿಗೆಲ್ಲ ಬಾಯಿಪಾಠವಾಗಿತ್ತು. ಆದರೂ ದೊಡ್ಡವಳು ಹೇಳಿದಳು. ಇನ್ನೊಬ್ಬರಿಗೆ ಹೇಳುವಾಗೆಲ್ಲ ಅವಳ ದುಃಖಕ್ಕೆ ಒಂದಿಷ್ಟು ಮರ್ಯಾದೆ ಸಿಕ್ಕಂತಾಗುತ್ತಿತ್ತು. ಕೊನೆಯ ದಿನಗಳಲ್ಲಿ ಚಿಕ್ಕವಳಿಗೆ ಪೆನ್ನು ಹಿಡಿಯಲೂ ತ್ರಾಣವಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕನ ಎದೆ ಮುಟ್ಟಿದಳು, ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಎರಡೂ ಕೈ ಒಂದರ ಮೇಲೊಂದು ಹಿಡಿದು, ಮೇಲಿನದನ್ನು ಕೆಳಕ್ಕೆ ತಂದು ಕೆಳಗಿನದನ್ನು ಮೇಲಕ್ಕೊಯ್ದಳು. ಬೆರಳಾಡಿಸಿ ಬೇಡ ಬೇಡ ಎಂದಳು.

"ನಿನ್ನ ಹಿಂದೆ ಹುಟ್ಟಿದೋಳು ನಿನಗಿಂತ ಮುಂಚೆ ಹೋಗ್ತಿದ್ದೀನಿ, ಅಳಬೇಡ ಅಂದಳಪ್ಪ. ನನಗೆ ತಕ್ಷಣ ಗೊತ್ತಾಯ್ತು. ಆಯ್ತು ಕಣೇ, ಅಳಲ್ಲ ಅಂತ ಹೇಳಿ ಗೋಳೋ ಅಂತ ಅತ್ತೆ. ಅವಳು ಹಣೆ ಹಣೆ ಚಚ್ಚಿಕೊಂಡಳು. ಎಲ್ಲ ಹಣೇಬರಹ ಅಂತ."

ರಿಪೇರಿಯವನು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಕಂಪ್ಯೂಟರ್ ಎದ್ದಿತು. ಎದ್ದು, ಕೆಳಗಿನ ಡ್ರೈವನ್ನೇ ಮತ್ತೆ ಅಕ್ಕ ಎಂದಿತು.

"ಹಟ ನೋಡು ಅದರದ್ದು," ಎಂದಳು ದೊಡ್ಡವಳು. ಅವಳ ಮುಖದಲ್ಲಿ ಸಂತೋಷದಂಥದ್ದು ಒಂದು ಹಾದುಹೋಯಿತು. ಯಂತ್ರ ಎಷ್ಟು ಕೆಟ್ಟಿದ್ದರೆ ಅವಳಿಗೆ ಅಷ್ಟು ಒಳ್ಳೆಯದು.

ಅವನು ಪೆಟ್ಟಿಗೆಯನ್ನು ಕೆಳಗಿಳಿಸಿ ಪಕ್ಕದ ತಗಡು ಬಿಚ್ಚಿದ. ಟಾರ್ಚು ಬಿಟ್ಟು ನೋಡಿದ. ಡ್ರೈವುಗಳನ್ನು ಬಿಗಿದಿದ್ದ ಸ್ಕ್ರೂಗಳ ತಲೆಯೆಲ್ಲ ಸವೆದು ಹೊಸದಾಗಿ ಗೀಚಿತ್ತು. ಎರಡು ಕಡೆ ಸ್ಕ್ರೂಗಳೇ ಇರಲಿಲ್ಲ. ಸಡಿಲವಾದ ಕೇಬಲ್ಲನ್ನು ಯಾರೋ ಬಿಳಿ ಟೇಪಿನಿಂದ ಸುತ್ತಿದ್ದರು.

"ಅಕ್ಕಾ, ಇದು ಕರೆಂಟಿನ ಟೇಪಲ್ಲ. ಗಾಯಕ್ಕೆ ಹಾಕೋದು."

ಅವಳು ಬಗ್ಗಿ ನೋಡಿದಳು. ಗಂಟಲಿನ ಬಟ್ಟೆ ಬದಲಿಸಲು ದಿನವೂ ತಾನೇ ಹರಿದುಕೊಡುತ್ತಿದ್ದ ಟೇಪು ಅದು. ಆಪರೇಷನ್ನಾದ ಮೇಲೆ ಚಿಕ್ಕವಳ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಆದರೂ ಕೆಲವು ವಾರ ಅಂಗಡಿಗೆ ಬಂದು ಕೂತಿದ್ದಳು. ಪೆಟ್ಟಿಗೆ ಇದ್ದದ್ದು ಎತ್ತರದ ಹಲಗೆಯ ಮೇಲೆ. ಗೀರುಬಿದ್ದ ಡಿಸ್ಕನ್ನೂ ಓದಬಲ್ಲ ಒಳ್ಳೆಯ ಡ್ರೈವು ಮೇಲಿನದು. ಒರೆಸಿ ಒರೆಸಿ ಹಾಕಲು ಅದಕ್ಕೇ ಮತ್ತೆ ಮತ್ತೆ ಕೈ ಹೋಗಬೇಕು. ಅಕ್ಕ ಔಷಧಿ ಅಂಗಡಿಗೆ ಹೋದ ಯಾವುದೋ ಹೊತ್ತಿನಲ್ಲಿ ಅವಳು ಎಡಗೈಯಲ್ಲೇ ಸ್ಕ್ರೂ ಬಿಚ್ಚಿ ಅದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಹಾಕಿಕೊಂಡಿದ್ದಳು. ಚೀಟಿ ಮಾತ್ರ ಇದ್ದಲ್ಲೇ ಉಳಿದಿತ್ತು.

"ಕಂಪ್ಯೂಟರ್‌ಗೆ ಏನೂ ಆಗಿಲ್ಲ ಅಕ್ಕಾ. ಅದು ಸರಿಯಾಗೇ ಗುರುತು ಹಿಡೀತಿದೆ. ನಾವೇ ತಪ್ಪು ತಿಳ್ಕೊಂಡಿದ್ದು. ನೋಡಿ, ಇಷ್ಟೇ," ಎಂದು ರಿಪೇರಿಯವನು ವಿವರಿಸಹೊರಟ. ಟಾರ್ಚು ಕೆಳಗಿಟ್ಟು, ಎರಡೂ ಕೈ ಒಂದರ ಮೇಲೊಂದು ಹಿಡಿದ. "ಇದು ಅಕ್ಕ. ಇದು ತಂಗಿ. ಅವರು ಏನ್ಮಾಡಿದಾರೆ ಅಂದ್ರೆ..." ಮೇಲಿನ ಕೈಯನ್ನು ಕೆಳಕ್ಕೆ ತಂದ, ಕೆಳಗಿನದನ್ನು ಮೇಲಕ್ಕೊಯ್ದ.

ಅವನ ಕೈಗಳು ಗಾಳಿಯಲ್ಲೇ ನಿಂತವು. ಅವನಿಗೂ ಹೊಳೆದಿತ್ತು.

ದೊಡ್ಡವಳು ಆ ಕೈಗಳನ್ನೇ ನೋಡುತ್ತಿದ್ದಳು. ವರ್ಷಪೂರ್ತಿ ಅವಳು ತಲೆದಿಂಬಿನ ಹಾಗೆ ಬಳಿಯಲ್ಲಿಟ್ಟುಕೊಂಡಿದ್ದ ಮಾತು ಇವನ ಕೈಯಲ್ಲಿ ಸ್ಕ್ರೂ ಕೇಬಲ್ಲಿನ ಮಾತಾಗಿಬಿಟ್ಟಿತು. ಅಳಬೇಡ ಎಂದಿರಲಿಲ್ಲ ತಂಗಿ. ನೋಡದೆ ಒತ್ತಬೇಡ ಎಂದಿದ್ದಳು. ಅದನ್ನು ತಿಳಿಸಲು ಉಳಿದಿದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಕೈ ಎತ್ತಿದ್ದಳು. ಎದುರಿಗಿದ್ದ ಅಕ್ಕ ಅರ್ಥವಾಯಿತು ಅರ್ಥವಾಯಿತು ಎಂದು ತಲೆಯಾಡಿಸಿ ಅಳುತ್ತ ಕೂತಾಗ ಇನ್ನೇನು ಮಾಡಿಯಾಳು? ಈ ದಡ್ಡಿಗೆ ಹೇಳಿ ಪ್ರಯೋಜನವಿಲ್ಲವೆಂದು ಹಣೆ ಹಣೆ ಚಚ್ಚಿಕೊಂಡಿದ್ದಳು.

"ಯಾರಿಗೆ ತಾನೆ ಗೊತ್ತಾಗತ್ತೆ ಅಕ್ಕಾ," ಎಂದ ರಿಪೇರಿಯವನು.

"ನನಗೆ ಗೊತ್ತಾಗಬೇಕಿತ್ತು," ಎಂದಳು. ಡಿಸ್ಕನ್ನು ತಾನಾಗಿಯೇ ಅವನ ಕಡೆಗೆ ಚಾಚಿದಳು.

ಅವನು ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿದ. ಅದು ಗಿರ್ರೆಂದು ತಿರುಗಿ ಖಾಲಿ ಎಂದಿತು. ಆಮೇಲೆ ಅಂಗಡಿಯ ಒಳ್ಳೆಯ ಡ್ರೈವಿಗೂ ಹಾಕಿದ. ಅದೂ ಖಾಲಿ ಎಂದಿತು. ಏನಾದರೂ ಎತ್ತಲು ಬರುತ್ತದೆಯೇ ಎಂದು ಅಳಿಸುವ ಪ್ರೋಗ್ರಾಮಿನ ಒಳಹೊಕ್ಕು ನೋಡಿದ. ಬರೀ ಮೇಲಿನ ಹೆಸರನ್ನಷ್ಟೇ ಅಳಿಸುವ ಬಗೆಯೊಂದುಂಟು, ಅದರಲ್ಲಾದರೆ ಒಳಗಿನದು ಸಿಕ್ಕರೂ ಸಿಕ್ಕೀತು. ಆದರೆ ಅಲ್ಲಿ ಪೂರ್ತಿ ಅಳಿಸು ಎಂದೇ ಗುರುತು ಹಾಕಿತ್ತು. ಹಿಂದೊಮ್ಮೆ ಒಬ್ಬರ ಮದುವೆಯ ಕೊನೆಗೆ ಇನ್ನೊಬ್ಬರ ಮದುವೆ ಕಾಣಿಸಿಕೊಂಡು ರಂಪವಾಗಿತ್ತು. ಅಂದಿನಿಂದ ಚಿಕ್ಕವಳು ಅರೆಬರೆ ಅಳಿಸುವುದನ್ನು ಒಪ್ಪುತ್ತಿರಲಿಲ್ಲ. ಅವಳ ಕೆಲಸ ಯಾವತ್ತೂ ಅಚ್ಚುಕಟ್ಟು.

"ಇಲ್ಲಕ್ಕಾ," ಎಂದ ಅವನು. ತಗಡು ಮುಚ್ಚುವಾಗ ತಲೆ ತಗ್ಗಿಸಿಕೊಂಡೇ ಕೇಳಿದ, "ಇದನ್ನ ಮೊದಲಿದ್ದ ಹಾಗೆ ಹಾಕ್ಲಾ? ಇಲ್ಲಾ ಚೀಟಿ ಬದಲಾಯಿಸ್ಲಾ?"

"ಅವಳು ಇಟ್ಟ ಹಾಗೇ ಇರ್ಲಿ. ನೀನು ಹೋಗಿ ಊಟ ಮಾಡು."

ಅವನು ಹೋದ ಮೇಲೆ ಅವಳು ಬಾಗಿಲು ಅರ್ಧ ಎಳೆದು ಒಳಗೆ ಕೂತಳು. ತಂಗಿ ಆವತ್ತು ಏನೆಂದಿದ್ದಳೆಂಬುದು ಈಗ ಅಕ್ಷರ ಅಕ್ಷರವಾಗಿ ಗೊತ್ತಾಗುತ್ತಿತ್ತು. ಅವಳು ಹೀಗೆಯೇ ಅಂದಿರುತ್ತಾಳೆ, ಬೇರೆ ರೀತಿ ಅನ್ನಲು ಅವಳಿಗೆ ಬರುವುದಿಲ್ಲ: "ಅಯ್ಯೋ ಅಕ್ಕಾ, ಅಳೋದು ಆಮೇಲೆ ಅಳು! ಅವೆರಡನ್ನೂ ಅದಲು ಬದಲು ಮಾಡಿದ್ದೀನಿ ಕಣೇ, ನೋಡ್ಕೊಂಡು ಒತ್ತು!"

ಅದನ್ನು ತಂಗಿಯ ದನಿಯಲ್ಲಿ ಕೇಳಿಸಿಕೊಳ್ಳಬೇಕೆಂದು ಅವಳು ಕಣ್ಣು ಮುಚ್ಚಿದಳು. ಅಯ್ಯೋ ಎನ್ನುವಾಗ ಅವಳು ಎಲ್ಲಿ ಎಳೆಯುತ್ತಿದ್ದಳು, ಕಣೇ ಎನ್ನುವಾಗ ಎಷ್ಟು ಮೇಲೆ ಹೋಗುತ್ತಿದ್ದಳು? ನಿನ್ನೆಯ ಊಟದ ಹೊತ್ತಿನವರೆಗೂ ಕಿವಿಯಲ್ಲೇ ಇತ್ತು. ಗಟ್ಟಿಯಾಗಿ ಹೇಳಿದರೆ ಬರಬಹುದೆಂದು ಗಟ್ಟಿಯಾಗಿ ಹೇಳಿದಳು. ಇನ್ನೊಮ್ಮೆ ಹೇಳಿದಳು. ಪಕ್ಕದ ಬೀಗದ ಕೈಯವನು ಯಾರೊಡನೆ ಜಗಳ ಎಂದು ಇಣುಕಿ ನೋಡಿದ. ಒಳಗೆ ದೊಡ್ಡವಳು ಒಬ್ಬಳೇ ಕೂತು, ತನ್ನದೇ ದನಿಯಲ್ಲಿ ತನ್ನನ್ನು ಬೈದುಕೊಳ್ಳುತ್ತಿದ್ದಳು.