ಬಾಯಿ ಮುಚ್ಚಿ ಓದುವುದು

ಬಾಯಿ ಮುಚ್ಚಿಕೊಂಡೂ ಓದಬಹುದು ಎಂಬ ಸಂಗತಿಯೇ ನನಗೆ ಗೊತ್ತಿರಲಿಲ್ಲ. ಇನ್ನೇನು ಪರೀಕ್ಷೆ ಬಂದೇಬಿಟ್ಟಿತು ಎನ್ನುವಾಗ ಗೊತ್ತಾಯಿತು. ಹೇಳಿದವರು ಮಧುಸೂದನರಾಯರು, ಅದನ್ನೂ ನಗುನಗುತ್ತಾ ಹೇಳಿದರು. ಅವರಿಗೆ ನಗೆ, ನನಗೆ ಜೀವ ಬಾಯಿಗೆ ಬಂತು.

ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ. ಹೆಸರು ಸುಂಕಲಮ್ಮ. ಹುಟ್ಟಿದ್ದು ಕುರುಗೋಡಿನ ಹೊಲಗೇರಿಯಲ್ಲಿ, ಕೊಟ್ಟಿದ್ದು ಸಿರುಗುಪ್ಪಕ್ಕೆ. ಗಂಡ ಉಚ್ಚೆಂಗೆಪ್ಪನಿಗೆ ಬಳ್ಳಾರಿಯ ಹತ್ತಿ ಜಿನ್ನಿನಲ್ಲಿ ಅಂಡಿಗೆ, ಅಂದರೆ ಹತ್ತಿ ಮೂಟೆ, ಹೊರುವ ಕೆಲಸ ಸಿಕ್ಕಿತು ಅಂತ ನಾವಿಬ್ಬರೂ, ನಮ್ಮತ್ತೆ ದುರುಗಮ್ಮನೂ ಬಳ್ಳಾರಿಗೆ ಬಂದು ಬಿದ್ದೆವು. ನಾನು ಸತ್ಯನಾರಾಯಣಪೇಟೆಯಲ್ಲಿ ಸೀತಾಬಾಯಿ ಎಂಬುವವರ ಅಂಗಳ ಗುಡಿಸುತ್ತಿದ್ದೆ. ಅವರ ಗಂಡ ಬದುಕಿದ್ದಾಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಆ ಗಂಡನಿಂದಲೇ ಆಕೆ ವಿದ್ಯೆ ಕಲಿತಿದ್ದರು. ಮಗ ಮಧುಸೂದನರಾಯರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ.

ಕುರುಗೋಡಿನಲ್ಲಿ ನಾನು ಮೂರನೇ ಕ್ಲಾಸಿನವರೆಗೆ ಓದಿದ್ದೆ. ಓದಿದ್ದೆ ಅನ್ನುವುದಕ್ಕಿಂತ ಶಾಲೆಯ ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂತು ಕೇಳಿದ್ದೆ. ಮದುವೆಯಾಯಿತು, ಅಲ್ಲಿಗೆ ಅದು ಮುಗಿಯಿತು. ಎಷ್ಟೋ ವರ್ಷದ ಮೇಲೆ ಒಂದು ಬೆಳಿಗ್ಗೆ ಕಸ ಹೊಡೆಯುತ್ತಾ, ಎದುರು ಗೋಡೆಗೆ ಅಂಟಿಸಿದ್ದ ನಾಟಕ ಕಂಪನಿಯ ಕಾಗದವನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಜಗಲಿಯ ಮೇಲೆ ಹೂಬತ್ತಿ ಹೊಸೆಯುತ್ತಿದ್ದ ಸೀತಾಬಾಯಿ ತಲೆ ಎತ್ತಿದರು.

"ಓದ್ಲಿಕ್ಕೆ ಬರ್ತದೇನು ನಿಂಗ?"

"ಒಂಚೂರು ಬರ್ತೈತ್ರಿ ಅವ್ವಾರ."

"ಹಂಗಾದ್ರ ನಾಳೆಯಿಂದ ಕಸ ಹೊಡದು ಹೋಗಿಬಿಡಬ್ಯಾಡ. ಕೂಡು."

ಹೀಗೆ ಶುರುವಾಯಿತು. ಅವರು ಜಗಲಿಯ ಕಂಬಕ್ಕೆ ಒರಗಿ ಮೇಲೆ, ನಾನು ಪಾಟಿ, ಅಂದರೆ ಸ್ಲೇಟು, ಹಿಡಿದು ಕೆಳಗೆ ಅಂಗಳದಲ್ಲಿ. ನಡುವೆ ಒಂದು ಎತ್ತಿನಗಾಡಿ ಆರಾಮಾಗಿ ಹಾದುಹೋಗುವಷ್ಟು ಜಾಗ. ನನ್ನ ಪಾಟಿಯನ್ನು ಅವರು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮಡಿ ಹೋಗುತ್ತದೆ, ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಎರಡನೇ ಸಲ ಸ್ನಾನ ಅಂದರೆ ಹುಡುಗಾಟವಲ್ಲ. ಅದಕ್ಕೇ ನಾನು ಬರೆದದ್ದನ್ನೆಲ್ಲಾ ಕೂಗಿ ಹೇಳಬೇಕು, ಅವರು ಕೇಳಿ ತಿದ್ದಬೇಕು. "ಐದೇಳ್ಲೆ ಮೂವತ್ತೈದು, ಐದು ಬರದೆ, ಕೈಯಾಗ ಮೂರು" ಎಂದು ನಾನು ಒದರುತ್ತಿದ್ದರೆ, ಬೀದಿಯಲ್ಲಿ ಹೋಗುವ ಮೊಸರಿನವಳಿಗೂ ನನ್ನ ಲೆಕ್ಕ ಎಲ್ಲಿಗೆ ಬಂತು ಎಂದು ತಿಳಿಯುತ್ತಿತ್ತು. ಸೀತಾಬಾಯಿ ಬಹಳ ಒಳ್ಳೆಯ ಹೆಂಗಸು. ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ನನಗೆ ಅವರ ಮೇಲೆ ಎಷ್ಟು ಪ್ರೀತಿಯಿತ್ತೋ ಅಷ್ಟೇ ಸಿಟ್ಟೂ ಇತ್ತು, ಎರಡೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು.

ಬಳ್ಳಾರಿಯಲ್ಲಿ ನಾವಿದ್ದ ಕೇರಿಯಲ್ಲೂ ಅಷ್ಟೇ. ಅಲ್ಲಿ ಓದು ಬರುವವಳು ನಾನೊಬ್ಬಳೇ. ಯಾರ ಮನೆಗೆ ಕಾಗದ ಬಂದರೂ ನಾಲ್ಕು ಜನ ಸುತ್ತ ಕೂರುತ್ತಿದ್ದರು, ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಓದು ಅಂದರೆ ಬಾಯಿಂದ ಆಡುವುದು, ನಾಲ್ಕು ಕಿವಿಗೆ ಬೀಳುವುದು ಎಂದೇ ನಾನು ತಿಳಿದಿದ್ದೆ.

ಇಷ್ಟಕ್ಕೂ ಪರೀಕ್ಷೆಯ ಹುಚ್ಚು ಹಿಡಿಸಿದ್ದು ಸೀತಾಬಾಯಿಯೇ. ಎಂಟನೇ ಕ್ಲಾಸಿನ ಸರ್ಕಾರಿ ಪರೀಕ್ಷೆಯನ್ನು ಶಾಲೆಗೆ ಹೋಗದವರೂ ಖಾಸಗಿಯಾಗಿ ಕಟ್ಟಬಹುದು. ಪಾಸಾದರೆ ಹೆಣ್ಣುಮಕ್ಕಳ ಟ್ರೈನಿಂಗ್ ಶಾಲೆಯಲ್ಲಿ ಸೀಟು. ಅದು ಮುಗಿದರೆ ಸಿರುಗುಪ್ಪದ ನಮ್ಮ ಕೇರಿಯ ಶಾಲೆಗೇ ನಾನು ಟೀಚರು. ಆ ಶಾಲೆಗೆ ಬಂದ ಮೇಷ್ಟ್ರು ಯಾರೂ ನಿಲ್ಲುತ್ತಿರಲಿಲ್ಲ, ವರ್ಷದಲ್ಲಿ ಮುಕ್ಕಾಲು ಭಾಗ ಬಾಗಿಲಿಗೆ ಬೀಗ. ಆದರೆ ಟ್ರೈನಿಂಗಿಗೆ ವಯಸ್ಸಿನ ಕಟ್ಟುನಿಟ್ಟು ಇತ್ತು. ಕೇರಿಯಲ್ಲಿ ಹುಟ್ಟಿದ ದಿನ ಬರೆದಿಟ್ಟವರು ಯಾರು? ಅರ್ಜಿ ಹಾಕುವಾಗ ಪರೀಕ್ಷೆ ನಡೆಸುವ ಶಾಲೆಯ ಹೆಡ್‌ಮಾಸ್ತರು ನನ್ನ ಮುಖ ನೋಡಿ ಒಂದು ವಯಸ್ಸು ಬರೆದರು. ಆ ಪ್ರಕಾರ ನನಗಿದ್ದದ್ದು ಇದೊಂದೇ ಪರೀಕ್ಷೆ. ಮುಂದಿನ ವರ್ಷ ಪಾಸಾದರೂ ಟ್ರೈನಿಂಗ್ ಶಾಲೆ ನನ್ನನ್ನು ಮುದುಕಿ ಎಂದು ವಾಪಸ್ಸು ಕಳಿಸುತ್ತಿತ್ತು. ಆವತ್ತು ಮುಖ ತೊಳೆದುಕೊಂಡು ಹೋಗಿದ್ದರೆ ಇನ್ನೆರಡು ವರ್ಷ ಸಿಗುತ್ತಿತ್ತೇನೋ!

ಇಂಥದ್ದರಲ್ಲಿ ಮಧುಸೂದನರಾಯರು ಕಚೇರಿಗೆ ಹೊರಟವರು ನಿಂತು ನನ್ನ ಪಾಠ ಕೇಳಿದರು. "ಅಲ್ಲಮ್ಮಾ, ಇಕಿ ಹಾಲ್‌ನಾಗೂ ಹಿಂಗ ಒದರಿದ್ರ ಹೊರಗ ಹಾಕ್ತಾರ. ಅಲ್ಲಿ ಪಿಟ್ಟ್ ಅನ್ನೂಹಂಗಿಲ್ಲ."

"ಮತ್ತ ಹೆಂಗ ಓದಬೇಕ್ರಿ?" ಎಂದೆ ನಾನು.

"ಮನಸ್ಸಿನಾಗ."

ಸೀತಾಬಾಯಿಯ ಮುಖ ಬಿಳಿಚಿಕೊಂಡಿತು. ಅವರಿಗೂ ಅದು ಹೊಳೆದಿರಲಿಲ್ಲ.

ಆವತ್ತು ಮನೆಗೆ ಬಂದು ಪುಸ್ತಕ ತೆಗೆದು ಬಾಯಿ ಮುಚ್ಚಿಕೊಂಡು ಕೂತೆ. ಅಕ್ಷರಗಳು ಇದ್ದವು, ನಾನೂ ಇದ್ದೆ, ನಡುವೆ ಏನೂ ನಡೆಯಲಿಲ್ಲ. ಸಾಲಿನ ಮೇಲೆ ಕಣ್ಣು ಓಡುತ್ತಿತ್ತು, ತಲೆಗೆ ಮಾತ್ರ ಒಂದು ಹನಿಯೂ ಇಳಿಯುತ್ತಿರಲಿಲ್ಲ. ತುಟಿ ತಾನಾಗಿ ಅಲ್ಲಾಡುತ್ತಿತ್ತು, ಅದರ ಹಿಂದೆಯೇ ದನಿ.

"ಬಾಯಾಗ ನೀರು ಹಿಡ್ಕೊಂಡು ಓದಲೇ ಸುಂಕಿ" ಎಂದಳು ನಮ್ಮತ್ತೆ ದುರುಗಮ್ಮ. ಹಿಡಿದೆ. ಎರಡನೇ ಸಾಲಿಗೆ ನೀರೆಲ್ಲಾ ಪುಸ್ತಕದ ಮೇಲೆ. ಎಲೆ ಅಡಿಕೆ ಹಾಕಿಕೊಂಡು ನೋಡಿದೆ, ಗೊಗ್ಗರು ದನಿಯಲ್ಲಿ ಅದೇ ಪಾಠ ಬಂತು. ಗಂಡ ತನ್ನ ತಲೆವಸ್ತ್ರದಿಂದ ನನ್ನ ಬಾಯಿ ಕಟ್ಟಿದ. ದನಿ ಮೂಗಿನಿಂದ ಹೊರಟಿತು. ಅವರಿಬ್ಬರೂ ನಕ್ಕರು, ನಾನೂ ನಕ್ಕೆ. ನಕ್ಕಾದ ಮೇಲೆ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ. ಪಾಠ ಬರಲಿಲ್ಲ ಅಂತ ಫೇಲಾದರೆ ತಡೆದುಕೊಳ್ಳಬಹುದು. ಬಂದ ಪಾಠ ಬಾಯಿಯಿಂದಾಗಿ ಹಾಳಾಗುವುದನ್ನು ಹೇಗೆ ತಡೆದುಕೊಳ್ಳುವುದು?

ಮರುದಿನ ಸೀತಾಬಾಯಿ ಒಂದು ಲೆಕ್ಕ ಹೇಳಿ, "ಮಾತಾಡದ ಮಾಡು, ನಾ ನೋಡ್ತೀನಿ" ಎಂದರು. ಮಾಡಿದೆ. ಮಾಡಿದ ಪಾಟಿಯನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿದೆ. ಅವರು ಒಂದು ಮೆಟ್ಟಿಲು ಇಳಿದು ಬಗ್ಗಿದರು, ಕಣ್ಣು ಕಿರಿದು ಮಾಡಿದರು, ಮತ್ತೂ ಬಗ್ಗಿದರು.

"ಕಾಣವಲ್ದು."

"ಕೈಯಾಗ ತಗಂಡ್ರ ಕಾಣ್ತೈತ್ರಿ."

ಅದೇ ವರ್ಷ ಹೊಸ ಸಂವಿಧಾನ ಬಂದಿತ್ತು. ಅಸ್ಪೃಶ್ಯತೆ ರದ್ದಾಯಿತು ಎಂದು ಪೇಪರಿನಲ್ಲಿದ್ದದ್ದನ್ನು ಸೀತಾಬಾಯಿಯವರೇ ನನಗೆ ಸಂತೋಷದಿಂದ ಓದಿ ಹೇಳಿದ್ದರು, ಜಗಲಿಯ ಮೇಲಿಂದ. ಈಗ ಅವರು ಮತ್ತೆ ಆ ಜಗಲಿಗೇ ಹತ್ತಿ ಕೂತು, "ಓದಿ ಹೇಳು" ಎಂದರು. ನಾನು ಓದಿ ಹೇಳಿದೆ. ಇನ್ನೇನು ಮಾಡಲಿ?

ಪರೀಕ್ಷೆ ಬಂತು. ಸುತ್ತಲೂ ಮೀಸೆ ಚಿಗುರದ ಹುಡುಗರು, ಎರಡು ಜಡೆಯ ಹುಡುಗಿಯರು. ಕೊನೆಯ ಬೆಂಚಿನಲ್ಲಿ ಅವರ ತಾಯಿಯಂತೆ ನಾನು. ಕನ್ನಡ, ಚರಿತ್ರೆಯ ದಿನ ಹೇಗೋ ದಾಟಿದವು. ಗೊತ್ತಿದ್ದದ್ದನ್ನು ಇಳಿಸುವುದು ತಾನೇ, ಸೆರಗು ಕಚ್ಚಿಕೊಂಡು ಬರೆದೆ. ಕೆಟ್ಟದ್ದು ಲೆಕ್ಕದ ದಿನ.

ಮೊದಲ ಲೆಕ್ಕಕ್ಕೇ ಸೆರಗು ಬಾಯಿಂದ ಜಾರಿತು. ನನಗೆ ಗೊತ್ತೇ ಆಗಲಿಲ್ಲ. ತಲೆ ಎತ್ತಿದರೆ ಕಾವಲಿಗಿದ್ದ ಮಾಸ್ತರು ಕಾಡಸಿದ್ದಪ್ಪನವರು ಎದುರಿಗೇ ನಿಂತಿದ್ದರು.

"ಯಾರಿಗೆ ಹೇಳಿಕೊಡಾಕತ್ತೀಯಮ್ಮ?"

"ಯಾರಿಗೂ ಇಲ್ರಿ. ನನಗ ನಾನ ಹೇಳ್ಕೊಳ್ಳಾಕತ್ತೀನ್ರಿ."

ಹುಡುಗರು ಕಿಸಕ್ಕೆಂದರು. ಮಾಸ್ತರು ಬೆರಳು ತೋರಿಸಿ ಹೋದರು. ಇನ್ನು ಹುಷಾರು, ಇನ್ನು ಹುಷಾರು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ಹುಡುಗರು ಮತ್ತೆ ನಕ್ಕರು, ಹುಷಾರು ಎಂಬುದನ್ನೂ ನಾನು ಗಟ್ಟಿಯಾಗಿಯೇ ಅಂದಿದ್ದೆ.

ಕಾಡಸಿದ್ದಪ್ಪನವರು ಕೆಟ್ಟವರಲ್ಲ. ಬಗ್ಗಿ ಮೆತ್ತಗೆ ಹೇಳಿದರು: "ನೋಡು ತಂಗಿ, ಇಲ್ಲಿ ಉಳಿದ ಹುಡುಗ್ರಿಗೆ ತ್ರಾಸಾಗ್ತೈತಿ. ಹೊರಗ ಕಟ್ಟಿ ಮ್ಯಾಲ ಕುಂತು ಬರಿ. ಅಲ್ಲಿ ಒದರಿದ್ರೂ ಯಾರೂ ಕೇಳಂಗಿಲ್ಲ."

ಎಂಥ ಉಪಕಾರ! ನಾನು ಅರ್ಧ ಎದ್ದೂಬಿಟ್ಟೆ. ಹೊರಗೆ ಕೂತರೆ ಬಾಯಿ ಬಿಟ್ಟು ಮಾಡುತ್ತೇನೆ, ಎಲ್ಲಾ ಲೆಕ್ಕ ಸರಿ ಬರುತ್ತವೆ, ಪಾಸಾಗುತ್ತೇನೆ, ಅದರಲ್ಲಿ ಸಂಶಯವೇ ಇರಲಿಲ್ಲ. ಕಿಟಕಿಯಾಚೆ ಆ ಕಟ್ಟೆ ಕಾಣುತ್ತಿತ್ತು. ಕುರುಗೋಡಿನಲ್ಲೂ ಹೀಗೇ ಒಂದು ಕಟ್ಟೆ, ಸತ್ಯನಾರಾಯಣಪೇಟೆಯಲ್ಲಿ ಅಂಗಳ. ಇದು ಹೇಳಿದವರ ತಪ್ಪಲ್ಲ, ನಾನು ಯಾವ ಕೇರಿಯವಳೆಂದು ಅವರಿಗೆ ತಿಳಿದೂ ಇರಲಿಲ್ಲ. ಆದರೂ ನನ್ನ ಮೈ ಉರಿದುಹೋಯಿತು. ಕಾಲು ಮುಂದಕ್ಕೆ ಹೋಗಲೇ ಇಲ್ಲ.

"ಒಳಗ ಕುಂದರ್ತೀನ್ರಿ."

"ಇನ್ನೊಂದ್ಸಲ ಬಾಯಿ ಬಿಟ್ರ ಪೇಪರ್ ಕಸ್ಕೊಂಡು ಕಳಿಸಿಬಿಡ್ತೀನಿ, ನೋಡು ಮತ್ತ."

"ಕಳಿಸ್ರಿ" ಎಂದು ಕೂತುಬಿಟ್ಟೆ. ಕೂತ ಮೇಲೆ ಭಯ ಹತ್ತಿತು. ಸೊಕ್ಕು ಮಾಡಿ ಕೂತವಳ ಗತಿ ಏನು ಈಗ? ಕೇರಿಯ ಶಾಲೆ, ಟ್ರೈನಿಂಗು, ಅಂಡಿಗೆ ಹೊತ್ತು ಬೆನ್ನು ಬಾಗಿದ ಗಂಡ, ಎಲ್ಲವನ್ನೂ ಒಂದು ಮಾತಿಗೆ ಪಣಕ್ಕಿಟ್ಟೆನಲ್ಲ! ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದೆ. ಅಂಕಿಗಳು ಮೂಕವಾಗಿ ನನ್ನನ್ನೇ ನೋಡುತ್ತಿದ್ದವು. ಐದನ್ನು ಏಳರಿಂದ ಗುಣಿಸಬೇಕು, ಅಷ್ಟೇ. ಐದು ಬರೆದೆ. ಕೈಯಲ್ಲಿ ಮೂರು ಎಂದು ಬಾಯಿ ಬಿಟ್ಟು ಹೇಳದೆ ಆ ಮೂರನ್ನು ಎಲ್ಲಿಡುವುದು? ಎಡಗೈಯ ಮೂರು ಬೆರಳು ತಾವಾಗಿ ಮಡಚಿಕೊಂಡವು. ಮೂರು ಅಲ್ಲೇ ನಿಂತಿತು! ಮುಂದಿನದಕ್ಕೂ ಹಾಗೇ ಮಾಡಿದೆ. ಬೆರಳು ಮಡಚಿ, ಬಿಚ್ಚಿ, ಮಡಚಿ, ಒಂದೊಂದೇ ಲೆಕ್ಕ ನಡೆಯಿತು. ಉತ್ತರಗಳನ್ನು ಪ್ರಶ್ನೆಪತ್ರಿಕೆಯ ಅಂಚಿನಲ್ಲೂ ಗುರುತು ಹಾಕಿಕೊಂಡೆ. ಗಂಟೆ ಹೊಡೆದಾಗ ಕೊನೆಯ ಲೆಕ್ಕ ಉಳಿದೇ ಇತ್ತು, ಬಾಯಿ ಒಣಗಿ ನಾಲಿಗೆ ಏಳುತ್ತಿರಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಗಂಡನೂ ಅತ್ತೆಯೂ ಕಾದಿದ್ದರು.

"ಹೆಂಗ ಬರದಿಯಲೇ?" ಎಂದ ಉಚ್ಚೆಂಗೆಪ್ಪ.

"ಗೊತ್ತಿಲ್ಲ. ಏನು ಬರದೆನೋ, ನನಗ ಕೇಳಿಸಲೇ ಇಲ್ಲ."

ಬಿಸಿಲಿಗೆ ತಲೆ ಕೆಟ್ಟಿದೆ ಎಂದು ದುರುಗಮ್ಮ ಮಜ್ಜಿಗೆ ಕುಡಿಸಿದಳು. ಆದರೆ ನಾನು ಹೇಳಿದ್ದು ಖರೆ. ಆ ಲೆಕ್ಕಗಳು ಸರಿಯೋ ತಪ್ಪೋ ಎಂದು ನನಗೆ ಒಂದಿಷ್ಟೂ ತಿಳಿದಿರಲಿಲ್ಲ. ಹೇಳಬಲ್ಲವರು ಇಡೀ ಬಳ್ಳಾರಿಯಲ್ಲಿ ನನಗೆ ಒಬ್ಬರೇ.

ಮರುದಿನ ಕಸಬರಿಗೆ ಕೈಗೆ ತೆಗೆದುಕೊಳ್ಳುವ ಮೊದಲೇ ಸೀತಾಬಾಯಿ, "ಓದು ಓದು, ಏನೇನು ಬಂದಿತ್ತು? ಏನು ಉತ್ತರ ಬರದಿ?" ಎಂದರು. ರಾತ್ರಿ ಅವರೂ ನಿದ್ದೆ ಮಾಡಿದಂತಿರಲಿಲ್ಲ. ನಾನು ಪತ್ರಿಕೆಯನ್ನು ಬಿಚ್ಚಿದೆ, ಬಾಯಿ ತೆರೆದೆ. ಆದರೆ ಓದುವ ಮನಸ್ಸಾಗಲಿಲ್ಲ. ಅದನ್ನು ಅವರ ಕಡೆ ಚಾಚಿದೆ.

"ನೀವ ನೋಡ್ರಿ ಅವ್ವಾರ."

"ಅಲ್ಲಿಡು."

ನಾನು ಇಡಲಿಲ್ಲ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಸ ಹೊಡೆದು ಬಂದೆ.

ಆಮೇಲಿನ ದಿನಗಳನ್ನು ಯಾವ ಶತ್ರುವಿಗೂ ಬಯಸುವುದಿಲ್ಲ. ನಾನು ಗುಡಿಸುತ್ತಿದ್ದೆ, ಅವರು ಬತ್ತಿ ಹೊಸೆಯುತ್ತಿದ್ದರು, ಇಬ್ಬರಿಗೂ ಕೇಳುವ ಧೈರ್ಯವಿಲ್ಲ, ಬಿಡುವ ಮನಸ್ಸಿಲ್ಲ. ಮನೆಯಲ್ಲಿ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಒಂದು ಮಾತು ಕೂಗಿ ಓದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಆದರೂ ಓದಲಿಲ್ಲ. ಅವರ ಬತ್ತಿಗಳೂ ಆ ದಿನಗಳಲ್ಲಿ ಸೊಟ್ಟಪಟ್ಟ ಆಗುತ್ತಿದ್ದವು, ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಸೀತಾಬಾಯಿ ಎದ್ದರು. ಕನ್ನಡಕ ಹಾಕಿಕೊಂಡರು. ಒಂದೊಂದೇ ಮೆಟ್ಟಿಲು ಇಳಿದು, ಅಂಗಳ ದಾಟಿ, ನನ್ನ ಎದುರಿಗೆ ಬಂದು ನಿಂತು ಕೈ ಚಾಚಿದರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು.

"ಕೊಡು ಇಲ್ಲಿ. ನಂಗ ತಡಕೊಳ್ಳಿಕ್ಕೆ ಆಗವಲ್ದು."

ಕೊಟ್ಟೆ. ಪತ್ರಿಕೆ ಆವತ್ತಿನಿಂದ ನನ್ನ ಸೊಂಟದಲ್ಲೇ ಇತ್ತು. ಅಂಗಳದಲ್ಲಿ ನಿಂತೇ ಒಂದೊಂದು ಲೆಕ್ಕವನ್ನೂ ಮನಸ್ಸಿನಲ್ಲಿ ಮಾಡಿದರು. ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಹುಬ್ಬು ಗಂಟಾದರೆ ನನ್ನ ಉಸಿರು ನಿಲ್ಲುತ್ತಿತ್ತು, ಸಡಿಲವಾದರೆ ಬರುತ್ತಿತ್ತು.

"ಎರಡು ತಪ್ಪ್ಯಾವ" ಎಂದರು ಕೊನೆಗೆ. "ಎರಡೂ ಕಡೆ ಕೈಯಾಗಿನ ದಶಕ ಕೂಡಿಸೋದು ಬಿಟ್ಟಿ."

"ಪಾಸಾಗ್ತೀನೇನ್ರಿ?"

"ಆಗ್ತಿ."

ಆದೆ ಕೂಡ. ಜೂನಿನಲ್ಲಿ ಫಲಿತಾಂಶ ಬಂತು, ಟ್ರೈನಿಂಗಿಗೆ ಸೀಟೂ ಸಿಕ್ಕಿತು. ಆದರೆ ಆವತ್ತು ಅಂಗಳದಲ್ಲಿ ನಿಂತಾಗ ನನಗೆ ಸಂತೋಷಕ್ಕಿಂತ ಮೊದಲು ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು.

"ನನ್ನ ಪಾಟಿ ಮೊದಲ ದಿನಾನ ಹಿಂಗ ಕೈಯಾಗ ತಗಂಡು ನೋಡಿದ್ರ, ಅವೆರಡೂ ತಪ್ಪತಿದ್ದಿಲ್ಲ ನೋಡ್ರಿ ಅವ್ವಾರ" ಎಂದುಬಿಟ್ಟೆ.

ಸೀತಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಹೌದು" ಎಂದರು. "ಅವೆರಡು ತಪ್ಪು ನನ್ನವು."