ನಲವತ್ತು ನಿಮಿಷ

“ಬೇಡ,” ಎಂದಿತು ಮಂಚದ ಪಕ್ಕದ ಕಂಪ್ಯೂಟರ್.

ಹೆಂಡತಿ ಮೌಸಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಐದು ತಿಂಗಳಿಂದ ದಿನಾ ಬರುವ ಅದೇ ಚೌಕ ಪರದೆಯ ನಡುವೆ ಬಂದು ಕೂತಿತ್ತು: ಹೊಸ ಅಪ್‌ಡೇಟ್ ಸಿದ್ಧವಾಗಿದೆ, ನಲವತ್ತು ನಿಮಿಷ ಹಿಡಿಯುತ್ತದೆ, ಈಗ ಹಾಕಬೇಕೋ, ಆಮೇಲೋ? ದಿನಾ ಅವಳು ‘ಆಮೇಲೆ’ ಒತ್ತುತ್ತಿದ್ದಳು. ಗಂಡನಿಗೋಸ್ಕರ.

ಅವನ ಮೈಯಲ್ಲಿ ಈಗ ಅವನು ಹೇಳಿದಂತೆ ಕೇಳುತ್ತಿದ್ದದ್ದು ಕಣ್ಣೊಂದೇ. ಕೈಕಾಲು ಹೋಗಿ ಮೂರು ವರ್ಷ, ನಾಲಿಗೆ ಹೋಗಿ ಎರಡು. ನೋವು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಸೊಳ್ಳೆ ಕಚ್ಚಿದರೂ ಗೊತ್ತಾಗುತ್ತಿತ್ತು. ಪರದೆಯ ಕೆಳಗಿನ ಕಪ್ಪು ಪಟ್ಟಿ, ಅವನ ಕಣ್ಣು ಯಾವ ಅಕ್ಷರದ ಮೇಲೆ ನಿಂತಿತೆಂದು ನೋಡಿ, ಪದ ಕೂಡಿಸಿ, ಗಂಡಸಿನ ಚಪ್ಪಟೆ ದನಿಯೊಂದರಲ್ಲಿ ಓದುತ್ತಿತ್ತು. ಹೋದ ವರ್ಷ ಅಪ್‌ಡೇಟ್ ಹಾಕಿದಾಗ ಯಂತ್ರ ಒಂದು ಗಂಟೆ ಮೂಕವಾಗಿತ್ತು. ಆ ಗಂಟೆಯಿಡೀ ಒಂದು ನೊಣ ಅವನ ತುಟಿಯಂಚಿನಲ್ಲಿ ಓಡಾಡಿತ್ತು. ಹೌದಾದರೆ ಒಂದು ಸಲ, ಇಲ್ಲವಾದರೆ ಎರಡು ಸಲ ರೆಪ್ಪೆ ಬಡಿಯುವ ಏರ್ಪಾಡೇನೋ ಇತ್ತು. ಆದರೆ ಅದಕ್ಕೆ ಯಾರಾದರೂ ಎದುರಿಗೆ ನಿಂತು ಕೇಳಬೇಕು.

“ಅಮ್ಮಾ, ಇನ್ನು ಮುಂದಕ್ಕೆ ತಳ್ಳಬೇಡಿ,” ಎಂದು ರಿಪೇರಿಯವನು ನಿನ್ನೆಯೂ ಫೋನಿನಲ್ಲಿ ಗದರಿದ್ದ. “ಈ ವಾರ ಹಾಕದಿದ್ರೆ ಕಣ್ಣು ನೋಡೋ ಪ್ರೋಗ್ರಾಮೇ ನಿಂತುಹೋಗುತ್ತೆ. ಆಮೇಲೆ ನಾನು ಬಂದು ತಲೆಕೆಳಗಾಗಿ ನಿಂತ್ರೂ ಯಜಮಾನರಿಗೆ ಮಾತು ಬರಲ್ಲ.”

ಗಂಡನಿಗೆ ನಯವಾಗಿ ಹೇಳಿ, ಪಕ್ಕದಲ್ಲೇ ಕೂತು ಹಾಕಬಹುದಿತ್ತು. ಬೆಳಿಗ್ಗೆಯಿಂದ ಅವಳು ಹಾಗೇ ಅಂದುಕೊಂಡಿದ್ದಳು. ಆದರೆ ಊಟವಾದ ಮೇಲೆ ದಿಂಬಿನ ರಗಳೆ ಶುರುವಾಯಿತು.

“ಎಡಕ್ಕೆ. ಇನ್ನೂ ಸ್ವಲ್ಪ. ಜಾಸ್ತಿ ಆಯ್ತು. ಹಿಂದಕ್ಕೆ ತಗೋ.”

ಇಪ್ಪತ್ತೆರಡು ವರ್ಷ ಡ್ರೈವಿಂಗ್ ಕಲಿಸಿದವನು. ಪಕ್ಕದ ಸೀಟಿನಲ್ಲಿ ಕೂತು ತಪ್ಪು ಹೇಳುವುದೇ ಹೊಟ್ಟೆಪಾಡಾಗಿತ್ತು. ಕಾರು ಹೋದರೂ ಚಾಳಿ ಹೋಗಿರಲಿಲ್ಲ. ಕಿಟಕಿ ಹಾಕು, ಮಾತ್ರೆ ಪುಡಿ ಮಾಡು. ಮೂರು ಗಂಟೆಗೆ ಕಾಲಿನ ಸೆಳೆತಕ್ಕೆಂದು ಬಿಸಿನೀರಿನ ಚೀಲ ತಂದರೆ ‘ಟವೆಲ್’. ದಿನಾ ‘ಟವೆಲ್’. ಚೀಲಕ್ಕೆ ಟವೆಲ್ ಸುತ್ತಬೇಕೆಂದು ತನಗೆ ಗೊತ್ತಿಲ್ಲವೇ ಎಂದು ಅವಳಿಗೆ ದಿನಾ ಮೈ ಉರಿಯುತ್ತಿತ್ತು.

ಏಳನೇ ಸಲ ದಿಂಬು ಸರಿಸಿದ ಮೇಲೆ, “ನಿನಗೆ ಯಾವತ್ತೂ ಬರಲ್ಲ,” ಎಂದಿತು ಯಂತ್ರ. ಆಗಲೇ ಅವಳು ಮೌಸ್ ಹಿಡಿದದ್ದು.

“ಬೇಡ,” ಎಂದಿತು ಈಗ ಮತ್ತೆ. “ನೊಣ.”

“ನೊಣಾನೂ ಇಲ್ಲ, ಏನೂ ಇಲ್ಲ. ನಲವತ್ತು ನಿಮಿಷ ರೀ. ನಲವತ್ತು ನಿಮಿಷ ನನ್ನ ಕಿವೀನ ನನ್ನ ಪಾಡಿಗೆ ಬಿಡಿ.”

‘ಈಗ’ ಒತ್ತಿದಳು. ಪರದೆ ಕಪ್ಪಾಗಿ, ನಡುವೆ ಚಕ್ರವೊಂದು ತಿರುಗತೊಡಗಿತು. ಶೇಕಡಾ ಒಂದು.

ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳುವಷ್ಟು ಮೌನ. ನಾಚಿಕೆಯಾಗುವಷ್ಟು ಸುಖವಾಯಿತು ಅವಳಿಗೆ. ಗಡಿಯಾರ ಮೂರು ಹೊಡೆಯಿತು. ನೀರು ಕುದಿಸಿ ಚೀಲಕ್ಕೆ ತುಂಬಿದಳು, ಹೊದಿಕೆ ಎತ್ತಿ ಮೀನಖಂಡದ ಕೆಳಗೆ ಇಟ್ಟಳು. ಅವನ ಕಣ್ಣು ಅಗಲವಾಗಿ ತೆರೆದು ಅವಳನ್ನೇ ನೋಡುತ್ತಿತ್ತು. ಸಿಟ್ಟು ಎಂದುಕೊಂಡಳು.

“ಹಾಗೆ ದುರುಗುಟ್ಟಬೇಡಿ,” ಎಂದು ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಹೋದಳು. ಚಹಾವನ್ನು ಬಿಸಿಯಿದ್ದಾಗಲೇ ಕುಡಿದು ಎಷ್ಟು ಕಾಲವಾಗಿತ್ತೋ! ಒಮ್ಮೆ ಎದ್ದು ಬಂದು ಬಾಗಿಲ ಸಂದಿಯಿಂದ ಪರದೆಯನ್ನಷ್ಟೇ ನೋಡಿದಳು. ಶೇಕಡಾ ಮೂವತ್ತು. ಮತ್ತೆ ಹೋಗಿ ಮೇಜಿನ ಮೇಲೆ ತಲೆಯಿಟ್ಟವಳಿಗೆ ಎಚ್ಚರವಾದಾಗ ಐದೂಕಾಲು.

ಚಕ್ರ ಇನ್ನೂ ತಿರುಗುತ್ತಿತ್ತು, ತೊಂಬತ್ತೊಂದು. ಅವನ ಕೆನ್ನೆಯ ಎರಡೂ ಪಕ್ಕ ದಿಂಬು ಒದ್ದೆಯಾಗಿತ್ತು. ಟವೆಲ್ಲು ಬೆಳಿಗ್ಗೆ ಹಾಕಿದಂತೆಯೇ ಕುರ್ಚಿಯ ಬೆನ್ನಿನ ಮೇಲಿತ್ತು. ಅದನ್ನು ಕಂಡೇ ಅವಳಿಗೆ ಗೊತ್ತಾಯಿತು. ಹೊದಿಕೆ ಎತ್ತಿದಾಗ ಚೀಲ ತಣ್ಣಗಾಗಿತ್ತು. ತೆಗೆದಾಗ ಚರ್ಮವೂ ಜೊತೆಗೇ ಬಂತು.

ಫೋನ್ ಮಾಡಿದ್ದಕ್ಕೆ ಬಂದ ನರ್ಸ್ ಪಟ್ಟಿ ಕಟ್ಟಿದಳು. “ಇಷ್ಟು ಹೊತ್ತು ನೀವೆಲ್ಲಿದ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಅಷ್ಟರಲ್ಲಿ ಯಂತ್ರಕ್ಕೆ ಜೀವ ಬಂದಿತ್ತು. ಪರದೆಯ ಎಡಮೂಲೆಯಲ್ಲಿ ಕೆಂಪು ಚುಕ್ಕೆ, ಅದರ ಕೆಳಗೆ ‘ಚುಕ್ಕೆಯನ್ನು ನೋಡಿ’ ಎಂಬ ಸಾಲು. ಅಪ್‌ಡೇಟ್ ಆದ ಮೇಲೆ ಕಣ್ಣಿನ ಗುರುತು ಮತ್ತೆ ಹಿಡಿಸಬೇಕು.

“ರೀ, ನೋಡಿ. ಐದು ಚುಕ್ಕೆ ಅಷ್ಟೆ. ಆಮೇಲೆ ಬಾಯಿಗೆ ಬಂದ ಹಾಗೆ ಬೈಯಿರಿ ನನ್ನ.”

ಅವನು ಕಣ್ಣು ಮುಚ್ಚಿಕೊಂಡ.

“ನೋವು ಜಾಸ್ತಿ ಇದೆಯಾ? ಒಂದು ಸಲ ಬಡೀರಿ, ಸಾಕು.”

ರೆಪ್ಪೆ ಏಳಲಿಲ್ಲ. ನಿದ್ದೆಯಲ್ಲ, ಬಿಗಿಹಿಡಿದ ಸುಕ್ಕು ಕಾಣುತ್ತಿತ್ತು. ಅವಳು ಹಣೆ ನೇವರಿಸಿದಳು, ತಪ್ಪಾಯ್ತು ಎಂದಳು, ಗೋಗರೆದಳು, ಕೊನೆಗೆ ಗದರಿಯೂ ನೋಡಿದಳು. ಅವನ ಕೈಲಿ ಮುಚ್ಚಲು ಆಗುತ್ತಿದ್ದ ಬಾಗಿಲು ಅದೊಂದೇ, ಅದನ್ನು ಹಾಕಿಕೊಂಡಿದ್ದ.

ಕತ್ತಲಾಗುತ್ತ ಬಂತು. ಯಂತ್ರವಾದರೂ ನೆಟ್ಟಗಿದೆಯೇ ಎಂದು ಅವಳು ಅವನ ಎದೆಯ ಮೇಲೆ ಬಾಗಿ ಪರದೆ ನೋಡಿದಳು. ಚುಕ್ಕೆ ಸರಿದು ಬಲಮೂಲೆಗೆ ಹೋಯಿತು. ಅವಳ ಕಣ್ಣೂ ಹಿಂದೆಯೇ ಹೋಯಿತು. ಆಮೇಲೆ ಕೆಳಗೆ, ಆ ಪಕ್ಕ, ನಡುವೆ. ಪರದೆ ಒಮ್ಮೆ ಮಿನುಗಿ, ಅವನ ನಿತ್ಯದ ಪದಗಳು ಸಾಲಾಗಿ ತೆರೆದುಕೊಂಡವು: ದಿಂಬು, ಕಿಟಕಿ, ನೊಣ, ನೀರು, ಟವೆಲ್. ಕೊನೆಯದರ ಮೇಲೆ ಅವಳ ಕಣ್ಣು ನಿಂತಿತು.

“ಟವೆಲ್,” ಎಂದಿತು ಯಂತ್ರ, ಅವನ ದನಿಯಲ್ಲಿ.

ಅವನು ಕಣ್ಣು ತೆರೆಯಲಿಲ್ಲ. ಅವಳಿಗೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.

“ಟವೆಲ್,” ಎಂದಿತು ಮತ್ತೆ.